ಬಿದಿರು ಮೆಳೆಯಲ್ಲಿ ಕಾಳಿಂಗ ಗೂಡು ಕಟ್ಟಿದೆ, ಹಿಡಿಸಿ ದೂರ ಬಿಡಿಸಲೇ?

ಓದುಗರ ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಒಂಟಿ ಮನೆ. ಮುಂದೆ 3 ಎಕರೆ ಅಡಿಕೆ ತೋಟ, ಹಿಂದೆ ಸೊಪ್ಪಿನ ಬೆಟ್ಟ. ಮಾರ್ಚ್ ಕೊನೆಯಲ್ಲಿ ಸೌದೆ ಕೊಟ್ಟಿಗೆಯಲ್ಲಿ 10–12 ಅಡಿಯ ಕಾಳಿಂಗ ಕಾಣಿಸಿತು. ಹಾವು ಹಿಡಿಯುವವರೊಬ್ಬರನ್ನು ಕರೆಸಿದೆವು. ಚೀಲಕ್ಕೆ ಹಾಕಿಕೊಂಡು ಹೋಗಿ 40 ಕಿ.ಮೀ. ಆಚೆ ಕಾಡಿಗೆ ಬಿಟ್ಟಿದ್ದೇನೆ ಅಂದರು. ಒಂಬತ್ತೇ ದಿನಕ್ಕೆ ಇನ್ನೊಂದು ಬಂತು, ಮೊದಲಿನದಕ್ಕಿಂತ ದೊಡ್ಡದು. ಅದೇ ವಾಪಸ್ ಬಂದಿದೆ ಅಂತ ಭಾವ ಹೇಳಿದರು. ಪಕ್ಕದ ಮನೆಯವರು ಜೋಡಿ ಹುಡುಕಿಕೊಂಡು ಸೇಡಿಗೆ ಬಂದಿದೆ ಅಂದರು. ಅತ್ತೆ ಸರ್ಪದೋಷ ಎಂದು ಆಶ್ಲೇಷಾ ಬಲಿಗೆ ಹೇಳಿ ಬಂದಿದ್ದಾರೆ. ಮೊನ್ನೆ ದರಕು (ತರಗೆಲೆ) ಗುಡಿಸಲು ಹೋದ ಆಳು ಬಿದಿರು ಮೆಳೆಯ ಬುಡದಲ್ಲಿ ಎಲೆ ಗುಪ್ಪೆಯ ಮೇಲೆ ಹಾವು ಸುತ್ತಿ ಮಲಗಿದ್ದನ್ನು ನೋಡಿ ಕತ್ತಿ, ಬುಟ್ಟಿ ಎಲ್ಲ ಅಲ್ಲೇ ಬಿಟ್ಟು ಓಡಿ ಬಂದ. ಮನೆಯಿಂದ ಸುಮಾರು 70 ಹೆಜ್ಜೆ. ನನಗೆ ಆರು ವರ್ಷದ ಮಗ ಇದ್ದಾನೆ. ನಾಯಿ ಇದೆ, ಎರಡು ದನ ಇವೆ. ಹಾವನ್ನು ಹಿಡಿಸಲೇ? ಮೊಟ್ಟೆಗಳನ್ನಾದರೂ ಬೇರೆ ಕಡೆ ಇಡಿಸಬಹುದೇ? ಕಾಳಿಂಗ ಕಚ್ಚಿದರೆ ಔಷಧಿಯೇ ಇಲ್ಲವಂತೆ, ನಿಜವೇ? ಇದು ಹೊಸ ಜಾತಿ ಅಂತ ಪೇಪರಿನಲ್ಲಿ ಓದಿದ್ದೆ. ಹಾಗಾದರೆ ನಮ್ಮ ಅಜ್ಜನ ಕಾಲದಲ್ಲಿ ಇದ್ದದ್ದು ಬೇರೆಯೇ?

ಉತ್ತರ:

ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿದ್ದರೂ ಒಳಗಿನ ಭಯ ಒಂದೇ: ಮಗ ಆಡುವ ಅಂಗಳದಿಂದ 70 ಹೆಜ್ಜೆ ದೂರದಲ್ಲಿ ಹನ್ನೆರಡು ಅಡಿಯ ವಿಷದ ಹಾವು ಕಾವಲು ಕೂತಿದೆ. ಈ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಾವಿನ ಕೆಲಸದಲ್ಲೇ ಕೂದಲು ಬೆಳ್ಳಗಾದ ನನಗೂ ಗೂಡಿನ ಮೇಲಿರುವ ಕಾಳಿಂಗದ ಹತ್ತಿರ ಹೋಗುವಾಗ ಅಂಗೈ ಬೆವರುತ್ತದೆ. ಆದರೂ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಿಡಿಸಬೇಡಿ. ಅದರಲ್ಲೂ ದೂರಕ್ಕೆ ಸಾಗಿಸಲೇಬೇಡಿ. ಹಾವಿನ ಮೇಲಿನ ಕನಿಕರ ಇದಕ್ಕೆ ಒಂದು ಕಾರಣ ಅಷ್ಟೇ. ಇನ್ನೊಂದು, ಹಿಡಿಸುವುದರಿಂದ ನಿಮ್ಮ ತೊಂದರೆಯೇ ತೀರುವುದಿಲ್ಲ. ಒಮ್ಮೆ ಹಿಡಿಸಿ ನೋಡಿದ್ದೀರಿ, ಒಂಬತ್ತು ದಿನಕ್ಕೆ ಏನಾಯಿತು ಎಂದು ನೀವೇ ಬರೆದಿದ್ದೀರಿ.

ಆ ಎರಡನೆಯ ಹಾವಿನ ವಿಷಯ ಮೊದಲು ನೋಡೋಣ. ಅದು ಸೇಡಿಗೆ ಬಂದದ್ದಲ್ಲ, ವಾಪಸ್ ಬಂದದ್ದೂ ಅಲ್ಲ. ಮೊದಲಿನದಕ್ಕಿಂತ ದೊಡ್ಡದು ಎಂದು ನೀವೇ ಬರೆದಿದ್ದೀರಲ್ಲ, ಒಂಬತ್ತು ದಿನದಲ್ಲಿ ಯಾವ ಹಾವೂ ಕಣ್ಣಿಗೆ ಕಾಣುವಷ್ಟು ಬೆಳೆಯುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಕಾಳಿಂಗಗಳು ಕೂಡುವುದು ಬೇಸಿಗೆಯಲ್ಲಿ, ಮಾರ್ಚ್‌ನಿಂದ ಮೇ ಒಳಗೆ. ಹೆಣ್ಣು ಹರಿದು ಹೋದ ದಾರಿಯಲ್ಲಿ ವಾಸನೆ ಉಳಿಯುತ್ತದೆ. ಆ ವಾಸನೆಯ ಜಾಡನ್ನು ನಾಲಿಗೆಯಿಂದ ಹಿಡಿದುಕೊಂಡು ಗಂಡು ಬರುತ್ತದೆ. ಒಂದೇ ಬರಬೇಕೆಂದಿಲ್ಲ, ಎರಡು ಮೂರು ಬರಬಹುದು. ಎರಡು ಗಂಡುಗಳು ಎದುರಾದರೆ ಮೈಯ ಮುಂಭಾಗ ಎತ್ತಿ, ಹೆಣೆದುಕೊಂಡು, ಒಂದರ ತಲೆಯನ್ನು ಇನ್ನೊಂದು ನೆಲಕ್ಕೆ ಒತ್ತುತ್ತವೆ. ಜನ ಅದನ್ನು ನೋಡಿ ಹಾವು ಕೂಡುತ್ತಿವೆ ಎಂದು ಕೈ ಮುಗಿಯುತ್ತಾರೆ. ನಿಜವಾಗಿ ಅದು ಕುಸ್ತಿ. ಸೋತದ್ದು ಜಾಗ ಖಾಲಿ ಮಾಡುತ್ತದೆ. ನಿಮ್ಮ ಸೌದೆ ಕೊಟ್ಟಿಗೆಗೆ ಬಂದ ಮೊದಲನೆಯದು ಬಹುಶಃ ಹೀಗೆ ಹೆಣ್ಣಿನ ಜಾಡು ಹಿಡಿದು ಬಂದ ಗಂಡು. ಅದನ್ನು ಸಾಗಿಸಿದಿರಿ. ಹೆಣ್ಣು ಮಾತ್ರ ನಿಮ್ಮ ಬೆಟ್ಟದಲ್ಲೇ ಇತ್ತು, ಜಾಡೂ ಇತ್ತು, ಇನ್ನೊಂದು ಗಂಡು ಬಂತು. ಈಗ ಬಿದಿರು ಮೆಳೆಯಲ್ಲಿ ಕೂತಿರುವುದು ಆ ಹೆಣ್ಣು. ನೀವು ಎಷ್ಟು ಗಂಡು ಸಾಗಿಸಿದ್ದರೂ ಬರುವುದು ನಿಲ್ಲುತ್ತಿರಲಿಲ್ಲ. ಹಾವಿಗೆ ಮನುಷ್ಯರ ಮುಖ ನೆನಪಿಟ್ಟುಕೊಂಡು ಹಗೆ ಸಾಧಿಸುವ ಮಿದುಳಿಲ್ಲ. ಅದು ಇರುವುದು ನಮ್ಮ ಪಾಲಿಗೆ.

ಇನ್ನು ಮೊದಲಿನದರ ಗತಿ. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾವುಗಳನ್ನು ಜೀಪಿನಲ್ಲಿಟ್ಟುಕೊಂಡು 30–40 ಕಿ.ಮೀ. ಹೋಗಿ ‘ಒಳ್ಳೆ ಕಾಡು’ ನೋಡಿ ಬಿಟ್ಟಿದ್ದೇನೆ. ಚೀಲದ ಬಾಯಿ ಬಿಚ್ಚಿದಾಗ ಹಾವು ಪೊದೆಯೊಳಗೆ ನುಗ್ಗಿ ಮರೆಯಾಗುತ್ತದೆ. ನೋಡಿದವರಿಗೆ ಸಮಾಧಾನ, ಬಿಟ್ಟವನಿಗೆ ಪುಣ್ಯ ಬಂದ ಹಾಗೆ. ಆಮೇಲೆ ಏನಾಯಿತು ಎಂದು ಯಾರೂ ಹಿಂದೆ ಹೋಗಿ ನೋಡಿರಲಿಲ್ಲ.

ನೋಡಿದ್ದು ನಿಮ್ಮ ಪಕ್ಕದ ಆಗುಂಬೆಯಲ್ಲೇ. ಉರಗ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರು ಮಾಡಿದರು. 2008ರಿಂದ ಅಲ್ಲಿ ಕಾಳಿಂಗಗಳ ಮೈಯೊಳಗೆ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ರೇಡಿಯೊ ಟ್ರಾನ್ಸ್‌ಮಿಟರ್ ಇಟ್ಟು, ಹಗಲಿಡೀ ಆಂಟೆನಾ ಹಿಡಿದು ಅವುಗಳ ಹಿಂದೆ ನಡೆದರು. ಜಿಗಣೆ, ಮಳೆ, ಗದ್ದೆ, ತೋಟ, ಹಿತ್ತಿಲು ಎಲ್ಲ ದಾಟಿ. ಹಾಗೆ ನಡೆದದ್ದರಿಂದ ಗೊತ್ತಾದದ್ದು ಎರಡು ಮಾತು. ಒಂದು, ಕಾಳಿಂಗಕ್ಕೆ ತನ್ನದೇ ಆದ ಓಡಾಟದ ಸರಹದ್ದು ಇದೆ. ಯಾವ ಹಳ್ಳದ ಬದಿಯಲ್ಲಿ ಯಾವ ಬಿಲ, ಎಲ್ಲಿ ಕೇರೆ ಹಾವು ಸಿಗುತ್ತದೆ ಎಂಬುದೆಲ್ಲ ಅದಕ್ಕೆ ಗೊತ್ತು, ನಮಗೆ ನಮ್ಮ ಊರಿನ ಅಂಗಡಿ ಗೊತ್ತಿರುವ ಹಾಗೆ. ಎರಡು, ತನ್ನ ಜಾಗದಲ್ಲೇ ಬಿಟ್ಟ ಹಾವು ಆ ಸರಹದ್ದಿನೊಳಗೇ ಸುತ್ತಾಡಿಕೊಂಡಿದ್ದರೆ, ಬೇರೆ ಕಡೆಯಿಂದ ತಂದು ಬಿಟ್ಟದ್ದು ಎಲ್ಲೂ ನೆಲೆ ನಿಲ್ಲದೆ ಒಂದೇ ಸಮನೆ ದೂರ ದೂರ ಅಲೆಯಿತು. ಆ ಅಧ್ಯಯನದಲ್ಲಿ ಹಾವುಗಳ ಸಂಖ್ಯೆ ತೀರ ಕಡಿಮೆ, ಅಷ್ಟರಿಂದಲೇ ತೀರ್ಪು ಕೊಡಬಾರದು. ಆದರೆ ಅಮೆರಿಕದ ಬುಡುಬುಡಿಕೆ ಹಾವುಗಳ (ರ‍್ಯಾಟಲ್‌ಸ್ನೇಕ್) ಮೇಲೆ ಇದಕ್ಕಿಂತ ದೊಡ್ಡ ಮಟ್ಟದಲ್ಲಿ ಮಾಡಿದ ಅಧ್ಯಯನಗಳು ಹೇಳುವುದೂ ಇದನ್ನೇ. ಸಾಗಿಸಿದ ಹಾವು ಸ್ಥಳೀಯ ಹಾವಿಗಿಂತ ಹೆಚ್ಚು ಅಲೆಯುತ್ತದೆ, ಹೆಚ್ಚು ಸಾಯುತ್ತದೆ.

ಯಾಕೆಂದು ಯೋಚಿಸಿ ನೋಡಿ. ಹೊಸ ಜಾಗದಲ್ಲಿ ಅಡಗುವ ಬಿಲ ಗೊತ್ತಿಲ್ಲ, ಬೇಟೆ ಸಿಗುವ ಜಾಗ ಗೊತ್ತಿಲ್ಲ, ಅಲ್ಲಿ ಆಗಲೇ ಇರುವ ದೊಡ್ಡ ಕಾಳಿಂಗ ಬೇರೆ. ಕಾಳಿಂಗ ಕಾಳಿಂಗವನ್ನೂ ತಿನ್ನುತ್ತದೆ ಎಂಬುದು ನೆನಪಿರಲಿ. ಹಾಗೆ ಗೊತ್ತುಗುರಿಯಿಲ್ಲದೆ ಅಲೆಯುವ ಹಾವು ರಸ್ತೆ ದಾಟುತ್ತದೆ, ಇನ್ನೊಬ್ಬರ ಮನೆಗೆ ನುಗ್ಗುತ್ತದೆ. ಅಂದರೆ ನಿಮ್ಮ ಕೊಟ್ಟಿಗೆಯ ಹಾವನ್ನು ನಿಮಗೆ ಗೊತ್ತಿಲ್ಲದ ಯಾರದೋ ಕೊಟ್ಟಿಗೆಗೆ ಕಳಿಸಿದಂತಾಯಿತು. ಅವರ ಮನೆಯಲ್ಲೂ ಮಕ್ಕಳಿರುತ್ತಾರೆ.

ಥಾಯ್ಲೆಂಡಿನ ಸಕೇರಾಟ್ ಜೀವಗೋಳ ಮೀಸಲು ಪ್ರದೇಶದಲ್ಲಿ ವರ್ಷಗಟ್ಟಲೆ ಹೀಗೇ ರೇಡಿಯೊ ಹಿಡಿದು ಕಾಳಿಂಗಗಳ ಬೆನ್ನು ಹತ್ತಿದ ತಂಡವೊಂದಿದೆ. ಅಲ್ಲಿಯ ಹಾವುಗಳೂ ಕಾಡಿನೊಳಗೇ ಕೂರಲಿಲ್ಲ. ಹೊಲಗಳ ನಡುವಿನ ಕಾಲುವೆ ಬದುಗಳಲ್ಲಿ ಓಡಾಡಿದವು, ಹೆದ್ದಾರಿಯಡಿಯ ಮೋರಿಗಳಲ್ಲಿ ನುಸುಳಿ ಆಚೆ ಹೋದವು. ಕೆಲವನ್ನು ಜನ ಹೊಡೆದು ಕೊಂದರು. ಒಂದಂತೂ ಪ್ಲಾಸ್ಟಿಕ್ ಚೀಲ ನುಂಗಿ ಸತ್ತಿತು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮೀನು, ಕೋಳಿ ತಂದ ಪ್ಲಾಸ್ಟಿಕ್ ಕೊಟ್ಟೆಗಳನ್ನು ಹಿತ್ತಿಲಿಗೆ ಎಸೆಯಬೇಡಿ.

ಈಗ ‘ಹೊಸ ಜಾತಿ’ಯ ವಿಷಯ. ನಿಮ್ಮ ಅಜ್ಜ ನೋಡಿದ್ದೂ ಇದೇ ಹಾವು, ಹೆದರಬೇಡಿ. ಬದಲಾದದ್ದು ನಮ್ಮ ತಿಳಿವಳಿಕೆ. 1836ರಲ್ಲಿ ಥಿಯೊಡೋರ್ ಕ್ಯಾಂಟರ್ ಎಂಬಾತ ಬಂಗಾಳದ ಕಡೆಯ ಹಾವು ನೋಡಿ ಕಾಳಿಂಗಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಅಲ್ಲಿಂದ ಸುಮಾರು 185 ವರ್ಷ, ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಇರುವುದೆಲ್ಲ ಒಂದೇ ಪ್ರಭೇದ ಎಂದು ಪುಸ್ತಕಗಳಲ್ಲಿ ಬರೆದುಕೊಂಡೇ ಬಂದೆವು. ಆಗುಂಬೆಯಲ್ಲಿ ಬಹುಕಾಲದಿಂದ ಕಾಳಿಂಗದ ಮೇಲೆ ಕೆಲಸ ಮಾಡುತ್ತಿರುವ ಪಿ. ಗೌರಿಶಂಕರ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ದೇಶಗಳ ಹಾವುಗಳ ಡಿಎನ್‌ಎ ಹೋಲಿಸಿ, ಇವು ಒಂದಲ್ಲ, ಬಹಳ ಹಿಂದೆಯೇ ಬೇರೆಯಾದ ನಾಲ್ಕು ಕವಲುಗಳು ಎಂದು 2021ರಲ್ಲಿ ತೋರಿಸಿದರು. ಆಮೇಲೆ ವಸ್ತುಸಂಗ್ರಹಾಲಯಗಳಲ್ಲಿ ಇಟ್ಟಿದ್ದ ಹಳೆಯ ಹಾವುಗಳನ್ನು ತೆಗೆದು ಮೈಮೇಲಿನ ಪಟ್ಟೆ ಎಣಿಸಿ, ಆ ಪಟ್ಟೆಗೆ ಕಪ್ಪು ಅಂಚು ಇದೆಯೋ ಇಲ್ಲವೋ ನೋಡಿ, 2024ರಲ್ಲಿ ನಾಲ್ಕಕ್ಕೂ ಬೇರೆ ಬೇರೆ ಹೆಸರಿಟ್ಟರು. ಉತ್ತರ ಭಾರತ, ಪೂರ್ವ ಘಟ್ಟದಿಂದ ಚೀನಾ, ಥಾಯ್ಲೆಂಡ್‌ವರೆಗಿನದು ಹಳೆಯ ಹೆಸರಿನಲ್ಲೇ ಉಳಿಯಿತು. ಮಲಯ, ಸುಮಾತ್ರ, ಬೋರ್ನಿಯೊ ಕಡೆಯದು ಎರಡನೆಯದು. ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದ್ದು ಮೂರನೆಯದು. ನಾಲ್ಕನೆಯದು ನಮ್ಮ ಪಶ್ಚಿಮ ಘಟ್ಟದ್ದು. ಅದರ ಹೆಸರು ‘ಓಫಿಯೋಫ್ಯಾಗಸ್ ಕಾಳಿಂಗ’. ನಿಮ್ಮ ಅಜ್ಜನ ಬಾಯಲ್ಲಿದ್ದ ಕನ್ನಡದ ಮಾತೇ ಈಗ ಜಗತ್ತಿನ ಹಾವು ಪುಸ್ತಕಗಳಲ್ಲಿ ಕೂತಿದೆ. ಆ ಸುದ್ದಿ ಬಂದ ದಿನ ನಾನು ಎರಡು ಲೋಟ ಕಾಫಿ ಹೆಚ್ಚು ಕುಡಿದೆ.

ಹೆಸರು ಬದಲಾದ ಮಾತ್ರಕ್ಕೆ ವಿಷ ಹೆಚ್ಚಾಗಲಿಲ್ಲ. ಆದರೆ ಇನ್ನೊಂದು ಲೆಕ್ಕ ಬದಲಾಯಿತು. ಮೊದಲು, ಇಲ್ಲಿ ಕಡಿಮೆಯಾದರೆ ಏನಂತೆ, ಅಸ್ಸಾಮಿನಲ್ಲಿದೆ, ಥಾಯ್ಲೆಂಡಿನಲ್ಲಿದೆ ಎನ್ನಬಹುದಿತ್ತು. ಈಗ ಹಾಗೆನ್ನಲು ಬರುವುದಿಲ್ಲ. ಈ ಹಾವು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಎಲ್ಲ ಸೇರಿ ಒಂದೇ ಎಂದುಕೊಂಡಿದ್ದಾಗಲೇ ಅಳಿವಿನ ಭಯವಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಕಾಳಿಂಗ ‘ಅಪಾಯಕ್ಕೆ ಗುರಿಯಾಗಬಲ್ಲ’ ವರ್ಗದಲ್ಲಿತ್ತು. ನಿಮ್ಮ ಬಿದಿರು ಮೆಳೆಯ ಗೂಡನ್ನು ನಾನು ಈ ಕಣ್ಣಿನಿಂದಲೂ ನೋಡುತ್ತೇನೆ.

ಆ ಗೂಡು ಹೇಗಿರುತ್ತದೆ ಗೊತ್ತೇ? ಜಗತ್ತಿನ ಹಾವುಗಳಲ್ಲಿ ಹೀಗೆ ಎಲೆ ಒಟ್ಟುಗೂಡಿಸಿ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಕೈಯಿಲ್ಲ, ಕೊಕ್ಕಿಲ್ಲ. ಮೈಯನ್ನೇ ಕೊಕ್ಕೆಯ ಹಾಗೆ ಬಾಗಿಸಿ ಸುತ್ತಲಿನ ತರಗೆಲೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಮತ್ತೆ ಸರಿಯುತ್ತದೆ, ಮತ್ತೆ ಎಳೆಯುತ್ತದೆ. ಬಿದಿರೆಲೆ ಅದಕ್ಕೆ ಬಲು ಇಷ್ಟ. ತೆಳ್ಳಗೆ, ಉದ್ದಕ್ಕೆ, ಒಂದರ ಮೇಲೊಂದು ಒತ್ತಿ ಕೂರುತ್ತದೆ, ಹುಲ್ಲಿನ ಮಾಡಿನ ಹಾಗೆ ಮೇಲೆ ಬಿದ್ದ ಮಳೆ ಜಾರಿ ಹೋಗುತ್ತದೆ. ಒಳಗೆ ಸಾಮಾನ್ಯವಾಗಿ 20ರಿಂದ 40 ಮೊಟ್ಟೆ, ಬಿಳಿ, ತೊಗಲಿನ ಹಾಗೆ ಮೆತ್ತನೆ. ಆಗುಂಬೆಯ ಮಳೆ ನಿಮಗೆ ನಾನು ಹೇಳಬೇಕೇ? ಜೂನ್, ಜುಲೈನಲ್ಲಿ ಆಕಾಶವೇ ಕಳಚಿ ಬಿದ್ದಾಗಲೂ ಕೊಳೆಯುವ ಎಲೆಯ ಕಾವಿನಲ್ಲಿ ಗೂಡಿನ ಒಳಗೆ ಬೆಚ್ಚಗಿರುತ್ತದೆ. ನಮ್ಮ ಗೊಬ್ಬರ ಗುಂಡಿಗೆ ಕೈಯಿಟ್ಟರೆ ಬಿಸಿ ತಾಗುವುದಿಲ್ಲವೇ, ಅದೇ ತತ್ವ. ತಾಯಿ ಮೇಲೆಯೋ ಪಕ್ಕದಲ್ಲೋ ಇದ್ದು ವಾರಗಟ್ಟಲೆ ಕಾಯುತ್ತದೆ.

ಕಾಯುವ ತಾಯಿ ಕಂಡವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗೂಡಿನ ಮೇಲೆ ಕಾಲಿಟ್ಟರೆ, ಕೋಲು ಚುಚ್ಚಿದರೆ ಹೆಡೆ ಎತ್ತಿ ನಿಲ್ಲುತ್ತದೆ, ನಾಯಿ ಗುರುಗುಟ್ಟಿದ ಹಾಗೆ ದಪ್ಪ ದನಿ ಮಾಡುತ್ತದೆ, ಮುಂದೆ ನುಗ್ಗಲೂಬಹುದು. ಆದರೆ ಅಂಗಳದಲ್ಲಿ ಆಡುವ ಮಗುವನ್ನು ಹುಡುಕಿಕೊಂಡು 70 ಹೆಜ್ಜೆ ಬರುವುದಿಲ್ಲ. ನಿಮ್ಮ ಆಳಿನ ವಿಷಯವನ್ನೇ ನೋಡಿ. ಆತ ದರಕು ಗುಡಿಸುತ್ತ ಗುಡಿಸುತ್ತ ಹತ್ತಿರವೇ ಹೋಗಿದ್ದಾನೆ. ಓಡಿದ್ದು ಆತ. ಹಾವು ಕೂತಲ್ಲೇ ಕೂತಿತ್ತು.

ಮಲೆನಾಡಿನಲ್ಲಿ ಕಾಳಿಂಗ ಎದುರಾಗುವ ಒಂದು ದೊಡ್ಡ ಕಾರಣವೇ ಈ ದರಕು. ಬೇಸಿಗೆಯಲ್ಲಿ ನಾವು ಕೊಟ್ಟಿಗೆಗೆ, ತೋಟಕ್ಕೆ ತರಗೆಲೆ ಒಟ್ಟು ಮಾಡುತ್ತೇವೆ. ಅದೇ ತಿಂಗಳು ಅದೇ ಎಲೆಯನ್ನು ಅದೂ ಒಟ್ಟು ಮಾಡುತ್ತದೆ. ಇಬ್ಬರಿಗೂ ಬೇಕಾದ್ದು ಒಂದೇ ಸರಕು. ಮುಂದಿನ ವರ್ಷದಿಂದ ಮಾರ್ಚ್ ನಂತರ ಬಿದಿರು ಮೆಳೆಯ ಬುಡದ ಎಲೆಗೆ ಕೈ ಹಾಕಬೇಡಿ ಎಂದು ಆಳುಗಳಿಗೆ ಹೇಳಿಬಿಡಿ. ಬೇಕಿದ್ದರೆ ಫೆಬ್ರವರಿಯೊಳಗೆ ಗುಡಿಸಿಕೊಳ್ಳಲಿ. ಗೂಡು ಕಟ್ಟುವ ಮೊದಲೇ ಎಲೆ ಖಾಲಿಯಾದರೆ ಹಾವು ಬೇರೆ ಮೆಳೆ ನೋಡಿಕೊಳ್ಳುವ ಸಾಧ್ಯತೆ ಹೆಚ್ಚು.

ಈ ವರ್ಷದ ಗೂಡಿಗೆ ಏನು ಮಾಡುವುದು ಎಂದರೆ, ನನ್ನ ಮೊದಲ ಆಯ್ಕೆ ಅದರ ಪಾಡಿಗೆ ಅದನ್ನು ಬಿಡುವುದು. ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಮೆಳೆಯ ಸುತ್ತ ಒಳ್ಳೆಯ ಅಂತರ ಬಿಟ್ಟು ಹಗ್ಗ ಕಟ್ಟಿ, ಬಟ್ಟೆ ಚೂರು ತೂಗುಹಾಕಿ ಗುರುತು ಮಾಡಿ, ಆ ಕಡೆ ಹೋಗುವ ಕಾಲುದಾರಿಯನ್ನು ಮೂರು ತಿಂಗಳು ಬಂದ್ ಮಾಡಿ. ದನಗಳನ್ನು ಆ ಬದಿ ಮೇಯಲು ಬಿಡಬೇಡಿ. ನಾಯಿಯನ್ನು ಹಗಲು ಕಟ್ಟಿಹಾಕಿ, ಯಾಕೆಂದರೆ ಕಾಳಿಂಗದ ಓಡಾಟ ಹೆಚ್ಚಾಗಿ ಹಗಲಲ್ಲೇ, ಮತ್ತು ಇಂಥ ಕಡೆ ಮೊದಲು ಸಾಯುವುದು ನಾಯಿ. ಹಾವನ್ನು ಕೆಣಕುವುದೂ ಅದೇ, ಕೆಣಕಿ ಮನೆ ಕಡೆಗೆ ಓಡಿ ಬರುವುದೂ ಅದೇ. ಇದರಲ್ಲಿ ಅಪಾಯವೇ ಇಲ್ಲ ಎನ್ನುವುದಿಲ್ಲ. ಮೂರು ತಿಂಗಳು ನಿಮ್ಮ ಮನಸ್ಸಿಗೆ ನೆಮ್ಮದಿ ಕಡಿಮೆ, ಬೆಟ್ಟದ ಒಂದು ಮೂಲೆ ಬಳಸಲು ಸಿಗುವುದಿಲ್ಲ, ಮಗನ ಮೇಲೆ ಒಂದು ಕಣ್ಣು ಹೆಚ್ಚು ಇಡಬೇಕು. ಹಾಗಿದ್ದೂ ಮಿಕ್ಕ ದಾರಿಗಳಿಗಿಂತ ಇದರಲ್ಲೇ ಅಪಾಯ ಕಡಿಮೆ.

ಎರಡನೆಯ ದಾರಿ, ಇದರ ಮೇಲೆ ಒಂದು ಹೆಜ್ಜೆ. ಮೊಟ್ಟೆ ಒಡೆಯುವ ದಿನ ಹತ್ತಿರವಾದಾಗ ಅರಣ್ಯ ಇಲಾಖೆಯ ಅನುಮತಿ ಇರುವ ತಜ್ಞರು ಬಂದು ಗೂಡಿನ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟುತ್ತಾರೆ. ಹೊರಬಂದ ಮರಿಗಳನ್ನು ಎಣಿಸಿ, ಅಳತೆ ತೆಗೆದು, ಅದೇ ಬೆಟ್ಟದ ಒಳಗೆ ಹಳ್ಳದ ಬದಿ ಬಿಡುತ್ತಾರೆ. ಮರಿಗಳು ನಿಮ್ಮ ಕೊಟ್ಟಿಗೆ ಕಡೆ ಚೆದುರುವುದು ತಪ್ಪುತ್ತದೆ. ಮನೆ ಇಷ್ಟು ಹತ್ತಿರ ಇರುವುದರಿಂದ ನಿಮಗೆ ಇದು ಹೊಂದುತ್ತದೆ. ಲೆಕ್ಕ ಸರಿ ಬರಲು ಗೂಡು ಕಂಡ ದಿನವನ್ನು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಸುಮಾರು ಎರಡೂವರೆಯಿಂದ ಮೂರೂವರೆ ತಿಂಗಳು ಬೇಕಾಗುತ್ತದೆ.

ಮೊಟ್ಟೆಗಳನ್ನು ಮಾತ್ರ ಬೇರೆಡೆಗೆ ಇಡಿಸುವ ಮಾತು ಬೇಡ. ಕೋಳಿ ಮೊಟ್ಟೆಯನ್ನು ತಾಯಿ ದಿನವೂ ಹೊರಳಿಸುತ್ತದೆ. ಹಾವಿನ ಮೊಟ್ಟೆ ಇಟ್ಟಲ್ಲೇ ಇಟ್ಟ ಹಾಗೆ ಇರಬೇಕು, ಅಡಿಮೇಲಾದರೆ ಒಳಗಿನ ಭ್ರೂಣಕ್ಕೆ ಅಪಾಯ. ಆ ಕಾವು, ಆ ತೇವವನ್ನು ಪೆಟ್ಟಿಗೆಯಲ್ಲಿ ಮೂರು ತಿಂಗಳು ಹಿಡಿದಿಡುವುದು ಕಷ್ಟ. ರಸ್ತೆ ಕೆಲಸದ ಜೆಸಿಬಿ ಬಂದು ನಿಂತಿದೆ, ಗೂಡು ಹೇಗೂ ಉಳಿಯುವುದಿಲ್ಲ ಎನ್ನುವಂಥ ಹೊತ್ತಿಗೆ ಮಾತ್ರ ಅದು. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ಅರ್ಥದೊಳಗೇ ಸರೀಸೃಪಗಳ ಮೊಟ್ಟೆ ಹಾಳು ಮಾಡುವುದು, ಗೂಡು ಕೆದಕುವುದು ಎರಡೂ ಸೇರಿವೆ. ಗುದ್ದಲಿಯಿಂದ ಗುಪ್ಪೆ ಎಳೆದು ಹಾಕಿದರೂ ಅದು ಬೇಟೆಯೇ.

ಮತ್ತೆ ಹಾವು ಮನೆಯೊಳಗೇ ಬಂದುಬಿಟ್ಟರೆ? ಆಗ ತಜ್ಞರನ್ನು ಕರೆಯಲೇಬೇಕು. ಆದರೆ ಮೊದಲೇ ಮಾತು ಮಾಡಿಕೊಳ್ಳಿ: ಹೊರಗೆ ತೆಗೆದು ಇದೇ ಬೆಟ್ಟದ ಹತ್ತಿರದ ಕಾಡಂಚಿಗೆ ಬಿಡಬೇಕು, ಗಾಡಿ ಹತ್ತಿಸಬಾರದು. ಬಂದವರು ಹಾವಿನ ಬಾಲ ಹಿಡಿದು ಜಗ್ಗಾಡಿ, ಸುತ್ತ ಜನ ಸೇರಿಸಿ, ತಲೆಗೆ ಮುತ್ತು ಕೊಡುವ ವಿಡಿಯೊ ಮಾಡಿಸಿಕೊಳ್ಳುವ ಪೈಕಿ ಆಗಿದ್ದರೆ ಮರ್ಯಾದೆಯಿಂದಲೇ ಸಾಕು ಎನ್ನಿ. ಇಂಥ ಆಟದಲ್ಲಿ ಹಿಡಿಯುವವರೇ ಸತ್ತ ಉದಾಹರಣೆಗಳಿವೆ. ಸರಿಯಾಗಿ ಕೆಲಸ ಕಲಿತವರು ಕೊಕ್ಕೆ, ಚೀಲ, ಕೊಳವೆ ತಂದು, ಜನರನ್ನು ದೂರ ಕಳಿಸಿ, ಸದ್ದಿಲ್ಲದೆ ಹತ್ತು ನಿಮಿಷದಲ್ಲಿ ಮುಗಿಸುತ್ತಾರೆ. ನೋಡಲು ಏನೂ ಮಜಾ ಇರುವುದಿಲ್ಲ.

ಎಷ್ಟೋ ಸಲ ಅದೂ ಬೇಕಾಗುವುದಿಲ್ಲ. ಒಮ್ಮೆ ಘಟ್ಟದ ಮೇಲಿನ ಒಂದು ಮನೆಯಿಂದ ಕರೆ ಬಂತು. ಹೋದರೆ ಅಟ್ಟದ ತೊಲೆಯ ಮೇಲೆ ಕಾಳಿಂಗ, ಬಾಯಲ್ಲಿ ಅರ್ಧ ನುಂಗಿದ ಕೇರೆ ಹಾವು, ಬಾಲ ಇನ್ನೂ ಹೊರಗೆ ಜೋತಾಡುತ್ತಿದೆ. ಆಗ ಕೈ ಹಾಕಿದರೆ ತಿಂದದ್ದನ್ನು ಕಕ್ಕಿಬಿಡುತ್ತದೆ. ಮನೆಯ ಯಜಮಾನರು ಹಿಂದಿನ ಬಾಗಿಲು ತೆರೆದಿಟ್ಟು, ನಮಗೆಲ್ಲ ಜಗಲಿಯಲ್ಲಿ ಕಷಾಯ ಕೊಟ್ಟರು. ನಾಲ್ಕು ಗಂಟೆ ಕೂತೆವು. ಸಂಜೆ ಹೊತ್ತಿಗೆ ಅದು ತೊಲೆ ಇಳಿದು, ಗೋಡೆ ಅಂಚಿನಲ್ಲೇ ಹರಿದು, ಬಾಗಿಲು ದಾಟಿ ತೋಟಕ್ಕೆ ಹೋಯಿತು. ಅಲ್ಲಿಗೆ ಅದು ಬಂದದ್ದೇಕೆ ಎಂದರೆ ಕೇರೆ ಹಾವಿಗೆ, ಕೇರೆ ಬಂದದ್ದು ಇಲಿಗೆ, ಇಲಿ ಬಂದದ್ದು ಅಟ್ಟದಲ್ಲಿ ಹರವಿಟ್ಟಿದ್ದ ಭತ್ತಕ್ಕೆ. ನಿಮ್ಮ ಸೌದೆ ಕೊಟ್ಟಿಗೆಯನ್ನೂ ಒಮ್ಮೆ ಹೀಗೆ ನೋಡಿ. ಸೌದೆಯನ್ನು ನೆಲದಿಂದ ಒಂದಡಿ ಎತ್ತರಕ್ಕೆ ಅಟ್ಟಣೆ ಮಾಡಿ ಒಟ್ಟಿ, ಹಾಳೆ, ಸೋಗೆ ರಾಶಿಯನ್ನು ಮನೆ ಗೋಡೆಯಿಂದ ದೂರ ಸರಿಸಿ. ಇಲಿ ಕಡಿಮೆಯಾದರೆ ಮೇಲಿನ ನೆಂಟರೂ ಕಡಿಮೆ.

ಔಷಧಿಯ ಪ್ರಶ್ನೆ. ನೀವು ಕೇಳಿದ್ದು ಹೆಚ್ಚುಕಡಿಮೆ ನಿಜ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ನಾಗರ, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ತಯಾರಾದದ್ದು. ಕಾಳಿಂಗ ಅದರಲ್ಲಿಲ್ಲ. ಹೆಡೆ ಇದ್ದರೂ ಅದು ನಾಗರಹಾವಿನ ಕುಲದ್ದೂ ಅಲ್ಲ, ನಾಗರವನ್ನೇ ತಿನ್ನುವಂಥದ್ದು. ಥಾಯ್ಲೆಂಡಿನಲ್ಲಿ ಕಾಳಿಂಗಕ್ಕೇ ಪ್ರತಿವಿಷ ತಯಾರಿಸುತ್ತಾರೆ. ಆದರೆ ಅದು ಅಲ್ಲಿಯ ಹಾವಿನ ವಿಷಕ್ಕೆ ಮಾಡಿದ್ದು. ಊರಿಂದೂರಿಗೆ ವಿಷದ ಗುಣ ಬದಲಾಗುತ್ತದೆ, ಈಗಂತೂ ಪ್ರಭೇದವೇ ಬೇರೆ ಎಂದಾಗಿದೆ. ಹೆಸರಿಡುವ ಕೆಲಸ ಬರೀ ಪಂಡಿತರ ಹಟವಲ್ಲ ಎನ್ನುವುದು ಇಲ್ಲಿ ಗೊತ್ತಾಗುತ್ತದೆ.

ಹಾಗೆಂದು ಕಚ್ಚಿದರೆ ಕೈಚೆಲ್ಲಿ ಕೂರಬೇಕಿಲ್ಲ. ಈ ವಿಷ ಮುಖ್ಯವಾಗಿ ನರಗಳ ಮೇಲೆ ಕೆಲಸ ಮಾಡುತ್ತದೆ. ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡುವ ಸ್ನಾಯು ಸೋಲುತ್ತದೆ. ಆ ಹೊತ್ತಿನಲ್ಲಿ ಉಸಿರನ್ನು ಯಂತ್ರ ನಡೆಸಿಕೊಟ್ಟರೆ ಜೀವ ಉಳಿಯುವ ಅವಕಾಶವಿದೆ. ಆದ್ದರಿಂದ ನಾಟಿ ಔಷಧಿಗೆ ಅಲೆಯದೆ, ಕುಯ್ಯದೆ, ಹಗ್ಗ ಬಿಗಿಯದೆ, ಕಚ್ಚಿದ ಕೈಕಾಲು ಅಲುಗಾಡಿಸದೆ ಹತ್ತಿರದ ಆಸ್ಪತ್ರೆಗೆ ಹೋಗಿ, ಕಾಳಿಂಗ ಎಂದು ಹೇಳಿ, ಅಲ್ಲಿಂದ ಉಸಿರಿನ ನೆರವಿನೊಂದಿಗೆ ವೆಂಟಿಲೇಟರ್ ಇರುವಲ್ಲಿಗೆ ಹೋಗಬೇಕು. ಶಿವಮೊಗ್ಗವೋ ಮಣಿಪಾಲವೋ, ನಿಮ್ಮ ಮನೆಯಿಂದ ಯಾವುದು ಎಷ್ಟು ಹೊತ್ತಿನ ದಾರಿ ಎಂದು ಈಗಲೇ ಲೆಕ್ಕ ಹಾಕಿ, ರಾತ್ರಿ ಎಬ್ಬಿಸಿದರೂ ಬರುವ ಜೀಪಿನವರ ನಂಬರು, 108, ಎರಡನ್ನೂ ಗೋಡೆ ಮೇಲೆ ಬರೆದಿಡಿ.

ಇದನ್ನೆಲ್ಲ ಹೇಳಿದ ಮೇಲೆ ಒಂದು ತಕ್ಕಡಿ ನಿಮ್ಮ ಮುಂದಿಡಬೇಕು. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58 ಸಾವಿರ ಎಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ಅದರಲ್ಲಿ ಕಾಳಿಂಗದ ಪಾಲು ಬೆರಳೆಣಿಕೆಯದು. ಕೊಲ್ಲುವವು ನಾವು ಪ್ರತಿದಿನ ತುಳಿಯುವ ದಾರಿಯಲ್ಲಿರುವ ಸಣ್ಣ ಹಾವುಗಳು. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದ್ದೂ ಅವುಗಳಿಂದಾಗಿಯೇ. ನಿಮ್ಮ ಮಗನಿಗೆ ಬಿದಿರು ಮೆಳೆಯ ಕಾಳಿಂಗಕ್ಕಿಂತ ಹೆಚ್ಚು ಅಪಾಯ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಬಚ್ಚಲು ಕೊಟ್ಟಿಗೆಗೆ ಓಡುವುದರಲ್ಲಿ, ನೆಲದ ಮೇಲೆ ಸೊಳ್ಳೆಪರದೆ ಇಲ್ಲದೆ ಮಲಗುವುದರಲ್ಲಿ ಇದೆ. ಆಳುಗಳಿಗೆ ಮೊಣಕಾಲವರೆಗಿನ ಗಂಬೂಟು ಕೊಡಿಸಿ. ಇನ್ನೊಂದು ಮಾತು: ಕಾಳಿಂಗ ತಿನ್ನುವ ಪಟ್ಟಿಯಲ್ಲಿ ನಾಗರವೂ ಇದೆ, ಗುಳಿಮಂಡಲವೂ ಇದೆ.

ಅತ್ತೆಯವರ ಆಶ್ಲೇಷಾ ಬಲಿಯ ಬಗ್ಗೆ ನಾನೇನೂ ಹೇಳಲಾರೆ, ಅದು ನನ್ನ ವಿಷಯವಲ್ಲ. ಇಷ್ಟು ಮಾತ್ರ ಗೊತ್ತು: ಬೇರೆ ಎಷ್ಟೋ ಕಡೆ ಕಂಡ ಕೂಡಲೇ ಹೊಡೆಯುವ ಹಾವನ್ನು ನಮ್ಮ ಮಲೆನಾಡಿನವರು ಕೈಮುಗಿದು ದಾರಿ ಬಿಟ್ಟದ್ದರಿಂದಲೇ ಇಲ್ಲಿ ಕಾಳಿಂಗ ಇನ್ನೂ ಇದೆ. ಬಲಿ ಕೊಡಿಸುವುದಿದ್ದರೆ ಕೊಡಿಸಲಿ. ಗೂಡಿನ ಹತ್ತಿರ ಹೋಗಿ ಹಾಲೆರೆಯುವುದು, ಅರಿಸಿನ ಚೆಲ್ಲುವುದು, ಊದುಬತ್ತಿ ಹಚ್ಚುವುದು ಮಾತ್ರ ಬೇಡ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಒಣ ಬಿದಿರೆಲೆಗೆ ಕಿಡಿ ತಾಗಲು ಹೆಚ್ಚು ಹೊತ್ತು ಬೇಡ.

ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ನಿಮ್ಮ ಮಗನೂ ಒಂದು ಪ್ರಶ್ನೆ ಬರೆದಿದ್ದಾನೆ: ಮರಿ ಹುಟ್ಟಿದ ಮೇಲೆ ಅಮ್ಮ ಹಾವು ಅವಕ್ಕೆ ಊಟ ಕೊಡುತ್ತಾ? ಇಲ್ಲ ಪುಟ್ಟಾ. ಮೊಟ್ಟೆ ಒಡೆಯುವುದಕ್ಕೆ ಮುಂಚೆಯೇ ಅಮ್ಮ ಎದ್ದು ಹೊರಟುಬಿಡುತ್ತದೆ. ಅಷ್ಟು ದಿನ ಕಾದು ಕಾದು ಅದಕ್ಕೆ ಹಸಿವಾಗಿರುತ್ತದೆ, ಅದು ತಿನ್ನುವುದು ಹಾವನ್ನೇ. ಮರಿಗಳು ಹೊರಬರುವಾಗ ಕಪ್ಪು ಮೈ, ಮೇಲೆ ಹಳದಿ ಬಿಳಿ ಪಟ್ಟೆ, ಒಂದಡಿ ಸ್ಕೇಲಿನ ಒಂದೂವರೆಯಷ್ಟು ಉದ್ದ, ಆಗಲೇ ವಿಷವೂ ಇರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಉಳಿದಿರುವುದರಿಂದ ಮೊದಲ ಕೆಲವು ದಿನ ಅವಕ್ಕೆ ಊಟ ಬೇಕಾಗುವುದಿಲ್ಲ. ಆಮೇಲೆ ಬೆಟ್ಟದ ಸಣ್ಣ ಸಣ್ಣ ಹಾವು ಹುಡುಕಿಕೊಂಡು ತಾವೇ ಹೋಗುತ್ತವೆ.